ಗಾಲ್ಫ್ ಆಡಲು ಎಷ್ಟು ಬೇಕು? ನಂದಿ ಸೀಮೆಯವರಿಗೊಂದು ಖರ್ಚಿನ ಲೆಕ್ಕ

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೊರಟ ಬಸ್ಸು ನಂದಿ ಕ್ರಾಸ್ ದಾಟುತ್ತಿದ್ದಂತೆ ರಸ್ತೆ ಬದಿಯ ಜಾಹೀರಾತುಗಳ ವರಸೆಯೇ ಬದಲಾಗುತ್ತದೆ. ಅಲ್ಲಿಯವರೆಗೆ ಡ್ರಿಪ್ ಪೈಪು, ದ್ರಾಕ್ಷಿಗೆ ಹೊಡೆಯುವ ಔಷಧಿ, ಟೊಮೆಟೊ ಸಸಿ. ಅಲ್ಲಿಂದಾಚೆ ವಿಲ್ಲಾ, ರೆಸಾರ್ಟ್, ‘ಗಾಲ್ಫ್ ವ್ಯೂ’ ನಿವೇಶನ. ನಂದಿ ಬೆಟ್ಟದ ತಪ್ಪಲಲ್ಲಿ, ದೇವನಹಳ್ಳಿ ತಾಲ್ಲೂಕಿಗೆ ಸೇರಿದ ಜಾಗದಲ್ಲಿ, ಅಮೆರಿಕದ ಪಿ.ಬಿ. ಡೈ ವಿನ್ಯಾಸ ಮಾಡಿದ ಪ್ರೆಸ್ಟೀಜ್ ಗಾಲ್ಫ್‌ಶೈರ್‌ನ 18 ಹೋಲ್‌ಗಳ ಮೈದಾನವಿದೆ. ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರಿಗೆ ಗಾಲ್ಫ್ ಎಂದರೆ ಬಸ್ಸಿನ ಕಿಟಕಿಯಾಚೆಗಿನ ಹಸಿರು, ಅಷ್ಟೆ.

ಹಾಗೆ ನೋಡಿದರೆ ಈ ಆಟ ನಮ್ಮ ಸೀಮೆಗೆ ತೀರಾ ಹೊಸದೂ ಅಲ್ಲ. 2007ರಲ್ಲಿ ಬೇರೆಯಾಗುವವರೆಗೆ ನಾವೂ ಕೋಲಾರ ಜಿಲ್ಲೆಯವರೇ. ಆ ಜಿಲ್ಲೆಯ ಚಿನ್ನದ ಗಣಿಯ ಊರಿನಲ್ಲಿ ಬ್ರಿಟಿಷ್ ಎಂಜಿನಿಯರುಗಳು ತಮಗೆಂದು ಗಾಲ್ಫ್ ಮೈದಾನ ಮಾಡಿಕೊಂಡಿದ್ದರು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ದೊರೆಗಳ ಕಾಲದಲ್ಲಿ ಆಟ ದೊರೆಗಳದಾಗಿತ್ತು, ಈಗ ಸದಸ್ಯರದಾಗಿದೆ. ಚೀಲ ಹೊರುವವರು ಮಾತ್ರ ಆಗಲೂ ಈಗಲೂ ಸುತ್ತಮುತ್ತಲಿನ ಹಳ್ಳಿಯವರು.

2021ರ ಆಗಸ್ಟ್ 7ರ ಬೆಳಗ್ಗೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದ ಅಂತರದಲ್ಲಿ ಕಂಚು ಕಳೆದುಕೊಂಡು ನಾಲ್ಕನೆಯವರಾದರು. ಅಂದು ಬರ್ಡಿ, ಬೋಗಿ ಎಂದರೇನೆಂದು ಗೊತ್ತಿಲ್ಲದವರೂ ಟೀವಿ ಮುಂದೆ ಕೂತಿದ್ದರು. ಆಮೇಲೆ 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರಿಗೆ ಬೆಳ್ಳಿ. ಇಂಥ ದಿನಗಳ ಮಾರನೆಗೇ ಮನೆಯಲ್ಲೊಂದು ಮಗು ಕೇಳುತ್ತದೆ: ‘ಅಪ್ಪಾ, ನಾನೂ ಆಡಬಹುದಾ? ಎಷ್ಟಾಗುತ್ತೆ?’ ಈ ಲೇಖನ ಆ ಅಪ್ಪ ಅಮ್ಮಂದಿರಿಗೆ. ಜೊತೆಗೆ ಏರ್‌ಪೋರ್ಟ್ ಕಡೆ ಕೆಲಸಕ್ಕೆ ಹೋಗುವ, ಗೆಳೆಯರ ಜೊತೆ ಒಮ್ಮೆ ಆಡಿ ರುಚಿ ಹತ್ತಿಸಿಕೊಂಡ, ಈಗ ಫೀ ನೋಡಿ ಹಿಂದೆ ಸರಿಯುತ್ತಿರುವ ಯುವಕರಿಗೆ.

ಬೋರ್ಡಿನ ಮೇಲಿನ ಬೆಲೆ, ಬಿಲ್ಲಿನ ಮೇಲಿನ ಬೆಲೆ

ಹೊಸಬರು ಎಡವುವುದು ಇಲ್ಲೇ. ಫೋನ್ ಮಾಡಿ ‘ಗ್ರೀನ್ ಫೀ ಎಷ್ಟು?’ ಎಂದು ಕೇಳುತ್ತಾರೆ, ಬಂದ ಉತ್ತರವನ್ನೇ ಆಟದ ಖರ್ಚು ಎಂದುಕೊಳ್ಳುತ್ತಾರೆ. ಗ್ರೀನ್ ಫೀ ಎಂದರೆ ಮೈದಾನಕ್ಕೆ ಕಾಲಿಡುವ ಹಣ ಮಾತ್ರ. ಅದರ ಮೇಲೆ ತೆರಿಗೆ, ಚೀಲ ಹೊರುವ ಕ್ಯಾಡಿ, ಮೈದಾನದಲ್ಲಿ ಓಡಾಡುವ ಕಾರ್ಟ್‌ನ ಬಾಡಿಗೆ, ಸ್ಟಿಕ್ ಬಾಡಿಗೆ, ಚೆಂಡು, ಕೊನೆಗೆ ತಿಂಡಿ.

ಯಾವ ಮೈದಾನದ ದರವೂ ಅಲ್ಲದ, ಬರೀ ಲೆಕ್ಕಕ್ಕೆಂದು ಹಿಡಿದ ಅಂಕಿಗಳಲ್ಲಿ ನೋಡೋಣ. ಗ್ರೀನ್ ಫೀ 4,000 ರೂಪಾಯಿ ಎಂದಿಟ್ಟುಕೊಳ್ಳಿ. ಜಿಎಸ್‌ಟಿ ಶೇ 18ರಂತೆ ಹಿಡಿದರೆ 720. ಕ್ಯಾಡಿಗೆ 700. ಇಬ್ಬರು ಹಂಚಿಕೊಂಡ ಕಾರ್ಟ್‌ನಲ್ಲಿ ನಿಮ್ಮ ಪಾಲು 900, ತೆರಿಗೆ ಸೇರಿ 1,062. ಬಾಡಿಗೆ ಸ್ಟಿಕ್ಕಿಗೆ 1,000, ಅದಕ್ಕೂ ತೆರಿಗೆ ಸೇರಿ 1,180. ಹೊಸಬರಾದ್ದರಿಂದ ನಾಲ್ಕು ಚೆಂಡು ನೀರುಪಾಲು, ತಲಾ 150ರಂತೆ 600. ಪೆಟ್ರೋಲು, ಕಾಫಿ, ದೋಸೆಗೆ 700. ಕೂಡಿಸಿದರೆ 8,962 ರೂಪಾಯಿ. ನಾಲ್ಕು ಸಾವಿರ ಎಂದುಕೊಂಡು ಹೋದವರ ಜೇಬಿನಿಂದ ಒಂಬತ್ತು ಸಾವಿರ ಹೊರಟಿತು.

ಇನ್ನು ಗ್ರೀನ್ ಫೀ ಸಾವಿರ ರೂಪಾಯಿ ಏರಿತು ಎಂದರೆ ತೆರಿಗೆ ಸೇರಿ ನಿಮಗೆ ಬೀಳುವ ಹೊರೆ 1,180. ತಿಂಗಳಿಗೆ ಎರಡು ಆಟವಾದರೆ ವರ್ಷಕ್ಕೆ 28,320. ಸದಸ್ಯರಿಗೆ ಈ ಏರಿಕೆ ಅಷ್ಟಾಗಿ ತಟ್ಟುವುದಿಲ್ಲ. ಅವರದು ಒಮ್ಮೆ ಕಟ್ಟಿದ ದೊಡ್ಡ ಹಣ, ಮೇಲೆ ವಾರ್ಷಿಕ ಚಂದಾ. ಪೆಟ್ಟು ಬೀಳುವುದು ಆಗಾಗ ಹಣ ಕೊಟ್ಟು ಆಡುವ ಹೊರಗಿನವರಿಗೆ, ಅಂದರೆ ನಮ್ಮಂಥವರಿಗೆ.

ಆದ್ದರಿಂದ ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಯನ್ನೇ ಬದಲಿಸಿ. ‘ಸದಸ್ಯನಲ್ಲದವನು, ಸ್ವಂತ ಸ್ಟಿಕ್ ಇಲ್ಲದವನು, ಮಂಗಳವಾರ ಬೆಳಗ್ಗೆ ಬಂದು 9 ಹೋಲ್ ಆಡಿ ಹೋದರೆ ತೆರಿಗೆ ಎಲ್ಲ ಸೇರಿ ಎಷ್ಟು?’ ಎಂದು ಕೇಳಿ. ಕಾರ್ಟ್ ಕಡ್ಡಾಯವೇ ಎಂದು ಕೇಳಿ. ನಡೆದೇ ಆಡಲು ಬಿಡುವ ಮೈದಾನವಾದರೆ ಒಂದು ಖರ್ಚು ಅಲ್ಲೇ ಉಳಿಯಿತು. 18 ಹೋಲ್ ನಡೆದರೆ ಎಂಟರಿಂದ ಹತ್ತು ಕಿಲೋಮೀಟರ್ ಆಗುತ್ತದೆ, ನಾಲ್ಕು ಗಂಟೆಯಾದರೂ ಬೇಕು. ಬೆಳಗಾಗುವ ಮೊದಲೇ ನಂದಿ ಬೆಟ್ಟದ ಮೆಟ್ಟಿಲು ಹತ್ತುವವರಿಗೆ ಇದೇನೂ ದೊಡ್ಡದಲ್ಲ.

ಫೀ ಏರುವುದೇಕೆ?

ಮೊದಲನೆಯ ಕಾರಣ ನೀರು. ಹುಲ್ಲು ಎಷ್ಟು ನೀರು ಕುಡಿಯುತ್ತದೆ ಎಂಬುದನ್ನು ನಮ್ಮ ಜಿಲ್ಲೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಎಕರೆಗೆ ಒಂದು ಮಿಲಿಮೀಟರ್ ನೀರು ಹಾಯಿಸಿದರೆ ಅದು ಸುಮಾರು 4,000 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 4 ಮಿಲಿಮೀಟರ್ ಕೊಟ್ಟರೆ ಎಕರೆಗೆ 16,000 ಲೀಟರ್, ಎಂದರೆ 5,000 ಲೀಟರಿನ ಟ್ಯಾಂಕರ್ ಮೂರಕ್ಕೂ ಹೆಚ್ಚು. ಅಂಥ 60 ಎಕರೆ ಹಸಿರಾಗಿರಬೇಕಾದರೆ ದಿನವೊಂದಕ್ಕೆ ಒಂಬತ್ತೂವರೆ ಲಕ್ಷ ಲೀಟರಿಗೂ ಮೇಲೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ, ಕೊಳವೆಬಾವಿ ಸಾವಿರ ಅಡಿ ದಾಟಿದರೂ ಫ್ಲೋರೈಡ್ ನೀರು ಬರುವ ಸೀಮೆ ನಮ್ಮದು. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರಿನಿಂದ ನಾವು ಕೆರೆ ತುಂಬಿಸಿಕೊಳ್ಳುತ್ತಿದ್ದೇವೆ. ಇಂಥ ಕಡೆ ಹುಲ್ಲಿಗೆ ನೀರು ಹೊಂದಿಸುವುದು ಅಗ್ಗದ ಬಾಬತ್ತು ಅಲ್ಲ. ಗಾಲ್ಫ್ ಮೈದಾನಗಳು ಬೋರ್‌ವೆಲ್ ಬಿಟ್ಟು ಸಂಸ್ಕರಿಸಿದ ನೀರಿಗೆ ಬಂದರೆ ಒಳ್ಳೆಯದೇ. ಆ ಖರ್ಚು ಫೀಯಲ್ಲಿ ಸೇರಿದರೆ ನನ್ನ ತಕರಾರಿಲ್ಲ.

ನೀರಾಯಿತು, ಇನ್ನು ಕೂಲಿ, ಕರೆಂಟು, ಹೊರದೇಶದ ಹುಲ್ಲು ಕತ್ತರಿಸುವ ಯಂತ್ರ, ಅದರ ಬಿಡಿಭಾಗ, ಮರಳು, ಶಿಲೀಂಧ್ರಕ್ಕೆ ಔಷಧಿ. ಇವೆಲ್ಲ ಏರುತ್ತಲೇ ಇವೆ. ಆದರೆ ಫೀ ಏರಲು ಖರ್ಚೊಂದೇ ಕಾರಣ ಎಂದರೆ ಅರ್ಧ ಸತ್ಯ. ಕೋವಿಡ್ ಕಾಲದಲ್ಲಿ ಬಯಲಲ್ಲಿ ದೂರ ದೂರ ನಿಂತು ಆಡಬಹುದಾದ ಆಟವೆಂದು ಜಗತ್ತಿನಾದ್ಯಂತ ಗಾಲ್ಫ್‌ಗೆ ಜನ ಹೆಚ್ಚಾದರು, ಬಂದವರಲ್ಲಿ ಬಹಳ ಮಂದಿ ಹೋಗಲಿಲ್ಲ. ಬೆಂಗಳೂರಿನ ಕಂಪನಿಗಳು ವಾರಾಂತ್ಯಕ್ಕೆ ಇಡೀ ಮೈದಾನವನ್ನೇ ಕಾದಿರಿಸುತ್ತವೆ. ಶನಿವಾರ ಬೆಳಗಿನ ಆರೂವರೆಯ ಹೊತ್ತು ಎಷ್ಟು ಬೆಲೆ ಹೇಳಿದರೂ ಬಿಕರಿಯಾಗುತ್ತದೆ. ಬೇಡಿಕೆ ಹಾಗಿರುವಾಗ ಬೆಲೆ ಇಳಿಸುವ ಧರ್ಮಾತ್ಮ ಯಾರು?

ಚೀಲ ಹೊರುವವರ ಪಾಡು

ಫೀ ಏರಿಕೆಯ ಮಾತು ಬಂದಾಗೆಲ್ಲ ಆಡುವವರ ಗೋಳು ಕೇಳುತ್ತೇವೆ. ಕ್ಯಾಡಿಗಳ ಮಾತು ಯಾರೂ ಎತ್ತುವುದಿಲ್ಲ. ಬಹುಪಾಲು ಕಡೆ ಕ್ಯಾಡಿಗೆ ಸಂಬಳವಿಲ್ಲ, ಆಟಕ್ಕಿಷ್ಟು ಎಂದು ಕೂಲಿ, ಆಡಿದವರು ಖುಷಿಯಾದರೆ ಮೇಲೊಂದಿಷ್ಟು. ಹೊರಗಿನ ಆಟಗಾರ ವಾರದ ದಿನ ಬರುವುದನ್ನು ಬಿಟ್ಟರೆ ಆ ದಿನದ ಕೂಲಿ ಹೋಯಿತು. ಕಾರ್ಟ್ ಕಡ್ಡಾಯವಾದಲ್ಲಿ ಒಬ್ಬ ಕ್ಯಾಡಿ ಇಬ್ಬರನ್ನು ನೋಡಿಕೊಳ್ಳುತ್ತಾನೆ, ಇನ್ನೊಬ್ಬ ಮರದಡಿ ಕಾಯುತ್ತಾನೆ.

ಆ ಕ್ಯಾಡಿಯ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಚೆಂಡು ಗ್ರೀನ್ ಮೇಲೆ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಬಂದ ಕೂಡಲೇ ಅದು ಬಿದ್ದ ಜಾಗದ ಕುಳಿಯನ್ನು ಸಣ್ಣ ಕವಲುಗೋಲಿನಿಂದ ಸುತ್ತಲಿನ ಹುಲ್ಲನ್ನೇ ಒಳಕ್ಕೆ ಎಳೆದು ಮುಚ್ಚುತ್ತಾನೆ, ಅಂಗಾಲಿನಿಂದ ಒಮ್ಮೆ ಒತ್ತುತ್ತಾನೆ. ಹೋಲ್‌ನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಾನೆ. ಹುಲ್ಲು ಯಾವ ಕಡೆ ಮಲಗಿದೆ, ನೆಲ ಯಾವ ಕಡೆ ಜಾರಿದೆ ಎಂದು ಕಣ್ಣಲ್ಲೇ ಅಳೆದು, ‘ಸಾರ್, ಬಲಗಡೆ ಒಂದು ಹೋಲ್‌ನಷ್ಟು, ಮೆತ್ತಗೆ’ ಎನ್ನುತ್ತಾನೆ. ಅಷ್ಟು ಹೊತ್ತಿಗೆ ಸಾರ್ ಎಡಕ್ಕೆ ಜೋರಾಗಿ ಹೊಡೆದಾಗಿರುತ್ತದೆ.

ಇಂಥ ಕಣ್ಣಿರುವವರಿಗೆ ಸ್ಟಿಕ್ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಗಳಿವೆ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು, 1993ರಲ್ಲಿ ಮತ್ತೆ ಗೆದ್ದರು. ನಮ್ಮ ಬೆಂಗಳೂರಿನಲ್ಲೇ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಅದೇ ಇಂಡಿಯನ್ ಓಪನ್ ಗೆದ್ದು ಮನೆಮಾತಾದರು. ಬಿಡದಿ ಬಳಿಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ದೇಶದ ಮುಂಚೂಣಿಗೆ ಬಂದರು. ಇವರಾರೂ ಗ್ರೀನ್ ಫೀ ಕಟ್ಟಿ ಆಟ ಕಲಿತವರಲ್ಲ. ಯಾರೋ ಒಬ್ಬರು ಮೈದಾನದ ಬಾಗಿಲು ತೆರೆದು ಒಳಗೆ ಬಿಟ್ಟರು, ಇವರು ಕಲಿತರು. ಫೀ ಏರಿದಷ್ಟೂ, ಮೈದಾನದ ಹೊತ್ತು ತುಟ್ಟಿಯಾದಷ್ಟೂ ಹಾಗೆ ಪುಕ್ಕಟೆ ಒಳಗೆ ಬಿಡುವ ಮನಸ್ಸು ಕಮ್ಮಿಯಾಗುತ್ತದೆ. ಫೀ ಏರಿಕೆಯಿಂದ ನಮಗಾಗುವ ದೊಡ್ಡ ನಷ್ಟ ಇದೇ ಎಂದು ನನ್ನ ಅಭಿಪ್ರಾಯ.

ಅರ್ಧ ಆಟ ಮನೆಯಲ್ಲೇ

ಇನ್ನು ಉಪಾಯದ ಮಾತು. ಸಾಮಾನ್ಯವಾಗಿ 18 ಹೋಲ್‌ನ ಮೈದಾನದ ಪಾರ್, ಅಂದರೆ ಆಟ ಮುಗಿಸಲು ನಿಗದಿ ಮಾಡಿದ ಹೊಡೆತ, 72. ಪ್ರತಿ ಹೋಲ್‌ಗೆ ಎರಡು ಪಟ್‌ಗಳೆಂದು ಆ ಲೆಕ್ಕದಲ್ಲೇ ಸೇರಿಸಿರುತ್ತಾರೆ. ಅಂದರೆ 36 ಹೊಡೆತ, ಆಟದ ಸರಿಯಾಗಿ ಅರ್ಧ, ನೆಲದ ಮೇಲೆ ಉರುಳಿಸುವ ಹೊಡೆತ. ಇದನ್ನು ಕಲಿಯಲು ಯಾರಿಗೂ ಕಾಸು ಕೊಡಬೇಕಾಗಿಲ್ಲ. ಒಂದು ಪಟರ್, ನಾಲ್ಕು ಹಳೆಯ ಚೆಂಡು, ನಡುಮನೆಯಲ್ಲಿ ಹಾಸಿದ ಒರಟು ಜಮಖಾನ ಸಾಕು. ನಿಜವಾದ ಹೋಲ್‌ನ ಅಗಲ 108 ಮಿಲಿಮೀಟರ್, ಚೆಂಡಿನದು 42.67. ಜಮಖಾನದ ಕೊನೆಗೆ ಕಾಫಿ ಲೋಟವೊಂದನ್ನು ಅಡ್ಡ ಮಲಗಿಸಿಡಿ, ಅದರ ಬಾಯಿ ಹೋಲ್‌ಗಿಂತ ಚಿಕ್ಕದು. ಮೂರು ಅಡಿ ದೂರದಿಂದ ಹತ್ತಕ್ಕೆ ಒಂಬತ್ತು ಒಳಗೆ ಹೋಗುವಂತಾದ ಮೇಲೆ ಆರು ಅಡಿಗೆ ಸರಿಯಿರಿ. ಪರೀಕ್ಷೆ ಸಮಯದಲ್ಲೂ ಮಕ್ಕಳು ಹದಿನೈದು ನಿಮಿಷ ಇದನ್ನು ಮಾಡಬಹುದು.

ಉಳಿದರ್ಧದಲ್ಲಿ ಮೊದಲ ಕೆಲವು ತಿಂಗಳು ಬೇಕಾದದ್ದು ನಿಂತಲ್ಲೇ ಚೆಂಡು ಹೊಡೆದು ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್ ಮಾತ್ರ, ಮೈದಾನವಲ್ಲ. ರೇಂಜ್‌ನಲ್ಲಿ ಬಕೆಟ್ ಚೆಂಡಿಗೆ ಇಷ್ಟು ಎಂದು ದರ. ಪೂರ್ತಿ ಆಟದ ಖರ್ಚಿನಲ್ಲಿ ಹಲವು ಬಕೆಟ್ ಹೊಡೆಯಬಹುದು. ಇಲ್ಲಿ ಹೊಸಬರು ಮಾಡುವ ಕೆಲಸವೆಂದರೆ ಬಕೆಟ್ ಬಂದ ಕೂಡಲೇ ದೂರಕ್ಕೆ ಹೊಡೆಯುವ ಡ್ರೈವರ್ ಸ್ಟಿಕ್ ಎತ್ತಿಕೊಂಡು ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ಬಾರಿಸಿ ಬೆವರು ಒರೆಸಿಕೊಳ್ಳುವುದು. ಹಾಗೆ ಮಾಡಬೇಡಿ. ಒಂದೇ ಒಂದು 7 ಐರನ್ ಹಿಡಿದು, ಮೊದಲ ಮೂವತ್ತು ಚೆಂಡನ್ನು ಅರ್ಧ ಕೈ ಬೀಸಿ ಹೊಡೆಯಿರಿ. ಶಿಡ್ಲಘಟ್ಟ, ಚಿಂತಾಮಣಿಯಿಂದ ಅಷ್ಟು ದೂರ ಬಂದವರು ಒಂದು ಬಕೆಟ್‌ಗೆ ಒಂದು ಗಂಟೆಯಾದರೂ ತೆಗೆದುಕೊಳ್ಳಬೇಕು.

ಊರಿನ ಬಯಲಲ್ಲಿ, ರಾಗಿ ಕೊಯ್ದ ಹೊಲದಲ್ಲಿ ಅಭ್ಯಾಸ ಮಾಡುವುದಾದರೆ ತೂತಿನ ಪ್ಲಾಸ್ಟಿಕ್ ಚೆಂಡು ಅಥವಾ ಫೋಮ್ ಚೆಂಡೇ ಇರಲಿ. ಅಸಲಿ ಚೆಂಡಿನ ತೂಕ 46 ಗ್ರಾಂ ಒಳಗೇ ಇದ್ದರೂ ಚೆನ್ನಾಗಿ ತಗುಲಿದರೆ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿರುವವರ ತಲೆಗೆ ಬಿದ್ದರೆ ಆಸ್ಪತ್ರೆ, ಪೊಲೀಸು ಎರಡೂ ಆಗುತ್ತದೆ. ಜಿಲ್ಲಾ ಕ್ರೀಡಾಂಗಣದಲ್ಲಂತೂ ಅಸಲಿ ಚೆಂಡು ಬೇಡವೇ ಬೇಡ.

ಸ್ಟಿಕ್ ವಿಷಯ. ನಿಯಮದ ಪ್ರಕಾರ ಚೀಲದಲ್ಲಿ ಹೆಚ್ಚೆಂದರೆ 14 ಇರಬಹುದು. ಹದಿನಾಲ್ಕೂ ಇರಲೇಬೇಕು ಎಂದು ಎಲ್ಲೂ ಹೇಳಿಲ್ಲ. ಒಂದು ಪಟರ್, ಒಂದು ವೆಡ್ಜ್, ಒಂದು 7 ಐರನ್, ಒಂದು ಹೈಬ್ರಿಡ್, ಇಷ್ಟರಲ್ಲಿ ಮೊದಲ ವರ್ಷ ಕಳೆಯಬಹುದು. ಡೆಕಾಥ್ಲಾನ್‌ನಂಥ ಅಂಗಡಿಗಳಲ್ಲಿ ಬಿಡಿ ಸ್ಟಿಕ್ ಸಿಗುತ್ತದೆ. ಅದಕ್ಕಿಂತ ಅಗ್ಗ ಬೇಕೆಂದರೆ ಮೈದಾನದ ಕ್ಯಾಡಿಗಳನ್ನು, ಕೋಚ್‌ಗಳನ್ನು ಕೇಳಿ. ಯಾವ ಸದಸ್ಯರು ಹೊಸ ಸೆಟ್ ಕೊಂಡು ಹಳೆಯದನ್ನು ಮಾರುತ್ತಿದ್ದಾರೆಂದು ಅವರಿಗೆ ಗೊತ್ತಿರುತ್ತದೆ. ಮಕ್ಕಳಿಗೆ ದೊಡ್ಡವರ ಸ್ಟಿಕ್ ಕತ್ತರಿಸಿ ಕೊಡಬೇಡಿ, ತೂಕ ಹೊಂದುವುದಿಲ್ಲ. ಮಕ್ಕಳು ಬೆಳೆದಂತೆ ಸ್ಟಿಕ್ ಚಿಕ್ಕದಾಗುವುದರಿಂದ ಅವರ ಸೆಟ್ಟನ್ನಂತೂ ಹೊಸದಾಗಿ ಕೊಳ್ಳುವುದೇ ದಂಡ.

ಮೈದಾನಕ್ಕೆ ಇಳಿಯುವ ಕಾಲ ಬಂದಾಗ 9 ಹೋಲ್‌ನಿಂದ ಶುರು ಮಾಡಿ. ವಾರದ ದಿನ ಹೋಗಿ, ಮಧ್ಯಾಹ್ನದ ಮೇಲಿನ ದರ ಬೇರೆ ಇದೆಯೇ ಕೇಳಿ. ಹಲವು ಕಡೆ ಸೋಮವಾರ ನಿರ್ವಹಣೆಗೆಂದು ರಜೆ, ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರ ಸುತ್ತಿ ಬಂದು ಗೇಟಿನಲ್ಲಿ ಪೆಚ್ಚಾಗಬೇಡಿ. ಕಾಲರ್ ಇರುವ ಟೀ ಶರ್ಟ್ ತೊಡಿ, ಜೀನ್ಸ್ ಬೇಡ. ಚೆಂಡು ಕಳೆದರೆ ಹುಡುಕಲು ಇರುವುದು ಮೂರೇ ನಿಮಿಷ.

ಬೆಂಗಳೂರು ಸುತ್ತ ಕೆಲವು ಮೈದಾನಗಳು ಹೊರಗಿನವರಿಂದ ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಮಟ್ಟ ಹೇಳುವ ಅಂಕಿಯ, ಪ್ರಮಾಣಪತ್ರ ಕೇಳುತ್ತವೆ. ಅದಕ್ಕೆ ಹೆದರಬೇಕಿಲ್ಲ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಗರಿಷ್ಠ ಮಿತಿ 54, ಅಂದರೆ ತೀರಾ ಹೊಸಬರಿಗೂ ಜಾಗವಿದೆ. ಒಟ್ಟು 54 ಹೋಲ್‌ಗಳ ಅಂಕ ಸಲ್ಲಿಸಿದರೆ ಹ್ಯಾಂಡಿಕ್ಯಾಪ್ ಸಿಗುತ್ತದೆ. 18ರ ಮೂರು ಆಟವೇ ಆಗಬೇಕೆಂದಿಲ್ಲ, 9ರ ಆರು ಆಟವೂ ನಡೆಯುತ್ತದೆ. ಕೋಚಿಂಗ್‌ಗೆ ಮಗುವನ್ನು ಸೇರಿಸುವಾಗ ಈ ಪ್ರಶ್ನೆಗಳನ್ನು ಮರೆಯಬೇಡಿ: ಕಟ್ಟುವ ಹಣದಲ್ಲಿ ರೇಂಜ್ ಚೆಂಡು ಸೇರಿದೆಯೇ, ಮೈದಾನದಲ್ಲಿ ಆಡಿಸುತ್ತೀರಾ, ಆಡಿಸಿದರೆ ವಾರಕ್ಕೆಷ್ಟು ಸಲ? ರೇಂಜ್‌ನಲ್ಲೇ ಎರಡು ವರ್ಷ ನಿಲ್ಲಿಸುವ ಕೋಚಿಂಗ್ ಅಗ್ಗವಿದ್ದರೂ ದುಬಾರಿಯೇ.

ನಿವೇಶನದ ಜೊತೆ ಸದಸ್ಯತ್ವ ಉಚಿತವಂತೆ

ಹೆದರಿಸುವ ಮಾತಲ್ಲ, ಎಚ್ಚರಿಕೆಯ ಮಾತು. ಸೈಟು, ವಿಲ್ಲಾ ಕೊಂಡರೆ ಗಾಲ್ಫ್ ಸದಸ್ಯತ್ವ ಉಚಿತ ಎನ್ನುವ ಜಾಹೀರಾತು ಕಂಡರೆ ಮೊದಲು ‘ಯಾವ ಸದಸ್ಯತ್ವ?’ ಎಂದು ಕೇಳಿ. ಈಜುಕೊಳ, ಊಟದ ಮನೆ ಬಳಸುವ ಸದಸ್ಯತ್ವ ಬೇರೆ, ಆಡುವ ಸದಸ್ಯತ್ವ ಬೇರೆ. ಆಡುವುದಾದರೂ ಪ್ರತಿ ಆಟಕ್ಕೆ ಫೀ ಇದೆಯೇ, ವಾರ್ಷಿಕ ಚಂದಾ ಏರಿಸಲು ಮಿತಿಯಿದೆಯೇ, ಸೈಟು ಮಾರಿದರೆ ಸದಸ್ಯತ್ವ ಕೊಂಡವರಿಗೆ ಹೋಗುತ್ತದೆಯೇ, ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಅನ್ವಯ? ಬಾಯಿಮಾತಿನ ಉತ್ತರ ಬೇಡ, ಕರಾರುಪತ್ರದಲ್ಲಿರಲಿ. ಯೋಜನೆ ಕರ್ನಾಟಕ ರೇರಾದಲ್ಲಿ ನೋಂದಣಿಯಾಗಿದೆಯೇ ಎಂದು ಅದರ ಜಾಲತಾಣದಲ್ಲಿ ನೋಡಲು ಐದು ನಿಮಿಷ ಸಾಕು. ಮೈದಾನ ಇನ್ನೂ ನಕ್ಷೆಯಲ್ಲೇ ಇದ್ದರೆ, ಅದಕ್ಕೆ ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿ ನೋಡಿ.

ಸ್ಥಳೀಯರಿಗೆ ಬೇರೆ ದರ ಎಂಬುದು ಭಿಕ್ಷೆಯಲ್ಲ

ಗಾಲ್ಫ್‌ನ ತವರು ಎನ್ನುವ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಹಳೆಯ ಮೈದಾನದಲ್ಲಿ ಹೊರಗಿನವರ ಫೀ 2024ರಲ್ಲಿ 320 ಪೌಂಡ್ ಆಗಿತ್ತು. ಆದರೆ ಆ ಊರಿನವರು ವರ್ಷವಿಡೀ ಆಡುವ ಟಿಕೆಟ್ಟಿಗೆ ಕೊಡುವುದು ಹೊರಗಿನವರ ಒಂದೆರಡು ಆಟದ ಹಣವನ್ನು. ಭಾನುವಾರ ಆ ಮೈದಾನದಲ್ಲಿ ಆಟವೇ ಇಲ್ಲ, ಊರಿನವರು ನಾಯಿ ಕರೆದುಕೊಂಡು ಓಡಾಡುತ್ತಾರೆ. 2025ರ ರೈಡರ್ ಕಪ್ ನಡೆದ ನ್ಯೂಯಾರ್ಕಿನ ಬೆತ್‌ಪೇಜ್ ಬ್ಲ್ಯಾಕ್ ಸರ್ಕಾರಿ ಉದ್ಯಾನದ ಮೈದಾನ. ರಾಜ್ಯದ ನಿವಾಸಿಗೆ ಒಂದು ದರ, ಹೊರಗಿನವರಿಗೆ ಅದಕ್ಕಿಂತ ಬಹಳ ಹೆಚ್ಚು. ಅಷ್ಟು ದೂರ ಬೇಡ, ದೆಹಲಿಯಲ್ಲಿ ಅಭಿವೃದ್ಧಿ ಪ್ರಾಧಿಕಾರವೇ ಕುತುಬ್ ಗಾಲ್ಫ್ ಕೋರ್ಸ್ ನಡೆಸುತ್ತದೆ, ಸದಸ್ಯರಲ್ಲದವರೂ ಹಣ ಕೊಟ್ಟು ಆಡುತ್ತಾರೆ.

ಖಾಸಗಿ ಮೈದಾನದವರನ್ನು ಬಲವಂತ ಮಾಡಲಾಗದು, ಕೇಳಬಹುದು. ಸರ್ಕಾರದ ಜಾಗವನ್ನು ಗುತ್ತಿಗೆಗೆ ಪಡೆದ ಕ್ಲಬ್ಬುಗಳನ್ನಂತೂ ಕೇಳುವ ಹಕ್ಕೇ ಇದೆ. ವಾರದಲ್ಲಿ ಒಂದು ಮಧ್ಯಾಹ್ನ ಸುತ್ತಲಿನ ಸರ್ಕಾರಿ ಶಾಲೆಯ ಮಕ್ಕಳಿಗೆ ರೇಂಜ್ ಬಿಟ್ಟುಕೊಡಿ, ರಜೆಯ ದಿನ ಕ್ಯಾಡಿಗಳಿಗೂ ಅವರ ಮಕ್ಕಳಿಗೂ ಮೈದಾನ ಬಿಟ್ಟುಕೊಡಿ, ಆಧಾರ್ ತೋರಿಸಿದ ಸ್ಥಳೀಯರಿಗೆ ವಾರದ ದಿನದ ದರದಲ್ಲಿ ರಿಯಾಯಿತಿ ಕೊಡಿ. ಮೈದಾನ ಖಾಲಿ ಬಿದ್ದಿರುವ ಹೊತ್ತಿನಲ್ಲಿ ಇದರಿಂದ ಅವರಿಗೆ ನಷ್ಟವೇನೂ ಇಲ್ಲ.

ಒಬ್ಬರು ಫೋನ್ ಮಾಡಿ ಕೇಳಿದರೆ ‘ನೋಡೋಣ’ ಎನ್ನುತ್ತಾರೆ. ಶಾಲೆಯ ದೈಹಿಕ ಶಿಕ್ಷಕರು, ಗ್ರಾಮ ಪಂಚಾಯಿತಿ ಅಧ್ಯಕ್ಷರು, ಹತ್ತು ಪೋಷಕರು ಸಹಿ ಹಾಕಿ ಬರೆದು ಕೊಡಿ, ಒಂದು ಪ್ರತಿಯನ್ನು ಚಿಕ್ಕಬಳ್ಳಾಪುರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಬೇಸಿಗೆ ರಜೆಗೆ ಮೊದಲೇ, ಎಂದರೆ ಫೆಬ್ರುವರಿಯಲ್ಲೇ ಈ ಪತ್ರ ಹೋದರೆ ಏಪ್ರಿಲ್‌ಗೆ ಮಕ್ಕಳ ಕೈಗೆ ಸ್ಟಿಕ್ ಬರಬಹುದು.